ಕುಮಟಾ, ಗೋಕರ್ಣ, ಕಾರವಾರದ ಕೆಂಪು ಬಸ್ಸು: ಹೊರಗಿನಿಂದ ಬರುವವರಿಗೆ ಎಷ್ಟು ಸೇಫ್?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕತ್ತರಿಸಿದ ಒಂದು ಸ್ಟಾರ್‌ನಲ್ಲಿ ಅರ್ಧ ಬಸ್ ಬಾಗಿಲಿನ ನೂಕುನುಗ್ಗಲಿಗೆ, ಇನ್ನರ್ಧ ರಾತ್ರಿ ಹೊತ್ತು ಹೆದ್ದಾರಿ ಮೇಲೆ ಇಳಿದು ನಿಲ್ಲಬೇಕಾದ ಕಷ್ಟಕ್ಕೆ.

ಬೆಂಗಳೂರು, ಮೈಸೂರಿನಿಂದ ಬರುವ ನೆಂಟರು, ಅವರ ಗೆಳೆಯರು ಎಲ್ಲರೂ ಕೇಳುವುದು ಒಂದೇ. "ಲೋಕಲ್ ಬಸ್ಸಲ್ಲಿ ಓಡಾಡಬಹುದಾ, ಇಲ್ಲ ಕಾರು ಬಾಡಿಗೆಗೆ ತಗೊಳ್ಳೋದೇ ಒಳ್ಳೇದಾ?" ಓಡಾಡಬಹುದು, ಧಾರಾಳವಾಗಿ. ನಾನು ಹುಟ್ಟಿದಾಗಿನಿಂದ ಇದೇ ಬಸ್ಸಲ್ಲಿ ಓಡಾಡುತ್ತಿದ್ದೇನೆ, ಕಾಲೇಜಿಗೂ ಇದೇ, ಆಸ್ಪತ್ರೆಗೂ ಇದೇ, ಮದುವೆಗೂ ಇದೇ. ನಾನು ನೋಡಿದ ಮಟ್ಟಿಗೆ ಇಲ್ಲಿ ಓಡುತ್ತಿರುವ ಬಸ್ಸಿನೊಳಗೆ ಕಳವಾಗುವುದು ಕಡಿಮೆ. ಹೋದರೆ ಹತ್ತುವಾಗ ಹೋಗುತ್ತದೆ. ಹೊರಗಿನವರು ಇದನ್ನೇ ಉಲ್ಟಾ ಮಾಡುತ್ತಾರೆ. ಸೀಟು ಸಿಕ್ಕ ಮೇಲೆ ಬ್ಯಾಗನ್ನು ಎದೆಗೆ ಅವಚಿಕೊಂಡು ಪಕ್ಕದವರನ್ನೆಲ್ಲ ಅನುಮಾನದಿಂದ ನೋಡುತ್ತಾರೆ, ಆದರೆ ಹತ್ತುವ ಗಲಾಟೆಯಲ್ಲಿ ಮೊಬೈಲು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಅರ್ಧ ಹೊರಗೆ ಕಾಣುತ್ತಿರುತ್ತದೆ!

ಆ ಗಲಾಟೆ ಹೇಗಿರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಶನಿವಾರ ಬೆಳಿಗ್ಗೆ ಕುಮಟಾ ಸ್ಟ್ಯಾಂಡಿಗೆ ಗೋಕರ್ಣದ ಬಸ್ಸು ಬರುತ್ತದೆ ಅಂದುಕೊಳ್ಳಿ. ಅದು ಇನ್ನೂ ರಿವರ್ಸ್ ತೆಗೆದುಕೊಳ್ಳುತ್ತಿರುವಾಗಲೇ ಜನ ಅದರ ಜೊತೆ ಓಡುತ್ತಾರೆ. ಕಿಟಕಿಯೊಳಗೆ ಟವೆಲ್, ಕರ್ಚೀಫು, ಛತ್ರಿ, ಒಮ್ಮೊಮ್ಮೆ ಸಣ್ಣ ಮಗುವನ್ನೇ ತೂರಿಸಿ ಸೀಟು ಹಿಡಿಯುತ್ತಾರೆ. ಇಳಿಯುವವರಿಗೆ ದಾರಿ ಬಿಡದೆ ಹತ್ತುವವರು ನುಗ್ಗುತ್ತಾರೆ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಅವರಲ್ಲಿ ಒಬ್ಬ ಮೆಟ್ಟಿಲ ಮೇಲೆ ನಿಂತು ಏನೋ ಬಿದ್ದುಹೋಯಿತು ಅನ್ನುವ ಹಾಗೆ ಬಗ್ಗುತ್ತಾನೆ, ಇನ್ನೊಬ್ಬ ಹಿಂದಿನಿಂದ ತಳ್ಳುತ್ತಾನೆ, ನೀವು ಮಧ್ಯದಲ್ಲಿ ಸಿಕ್ಕಿಕೊಂಡು "ಏನ್ರೀ ಇದು" ಅನ್ನುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಗೋಕರ್ಣದ ಶಿವರಾತ್ರಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ಮದುವೆ ಸೀಸನ್ನು, ಈ ಮೂರು ಹೊತ್ತಿನಲ್ಲಿ ಹೆಚ್ಚು ಎಚ್ಚರ ಬೇಕು. ವ್ಯಾನಿಟಿ ಬ್ಯಾಗಿನಿಂದ ಒಡವೆ ಹೋಯಿತು ಅನ್ನುವ ಸುದ್ದಿ ಮದುವೆ ದಿನಗಳಲ್ಲಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಕತ್ತಿನಲ್ಲಿ ಇರುವುದಕ್ಕಿಂತ ಬ್ಯಾಗಿನಲ್ಲಿಟ್ಟ ಬಂಗಾರ ಸೇಫ್ ಅಂತ ನಮ್ಮ ಹೆಂಗಸರು ನಂಬಿಬಿಟ್ಟಿದ್ದಾರೆ, ಅದು ಸುಳ್ಳು. ಜಿಪ್ ತೆರೆಯಲು ಎಷ್ಟು ಹೊತ್ತು ಬೇಕು ಹೇಳಿ.

ಬೆನ್ನಿಗೆ ಹಾಕುವ ಬ್ಯಾಗನ್ನು ಹತ್ತುವ ಮೊದಲೇ ಎದೆ ಕಡೆಗೆ ತಿರುಗಿಸಿಕೊಳ್ಳಿ. ಚಿಲ್ಲರೆ ಬೇರೆ, ದೊಡ್ಡ ನೋಟು ಬೇರೆ ಇಡಿ. ಟಿಕೆಟಿಗೆ ಅಂತ ಪೂರ್ತಿ ಪರ್ಸನ್ನೇ ತೆಗೆದು ಎಲ್ಲರಿಗೂ ಪ್ರದರ್ಶನ ಮಾಡಬೇಡಿ. ಈಗ ಬಹಳ ಬಸ್ಸುಗಳಲ್ಲಿ ಕಂಡಕ್ಟರ್ ಹತ್ತಿರ ಕ್ಯೂಆರ್ ಕೋಡ್ ಇದೆ, ಆದರೆ ಘಟ್ಟದ ನಡುವೆ ನೆಟ್‌ವರ್ಕ್ ಹೋದರೆ ಅದೂ ಇಲ್ಲ, ಹಾಗಾಗಿ ನೂರು ಇನ್ನೂರು ರೂಪಾಯಿ ಚಿಲ್ಲರೆಯಾಗಿ ಮೇಲಿನ ಜೇಬಿನಲ್ಲಿರಲಿ. ಇನ್ನೂ ಸುಲಭದ ದಾರಿ ಅಂದರೆ ಆ ಬಸ್ಸನ್ನು ಬಿಟ್ಟುಬಿಡುವುದು. ರಜೆಗೆ ಬಂದವರಿಗೆ ಮುಂದಿನ ಬಸ್ಸಿಗೆ ಹೋದರೆ ಏನು ಗಂಟು ಹೋಗುತ್ತದೆ?

ಒಮ್ಮೆ ಒಳಗೆ ಸೇರಿಕೊಂಡರೆ ಕಥೆಯೇ ಬೇರೆ. ನಿಂತವರ ಬ್ಯಾಗನ್ನು ಕೂತವರು ಕೇಳಿ ಇಸಿದುಕೊಂಡು ತೊಡೆ ಮೇಲೆ ಇಟ್ಟುಕೊಳ್ಳುತ್ತಾರೆ, ಇದು ನಮ್ಮ ಕಡೆ ಸಾಮಾನ್ಯ. "ಕೊಡು ತಂಗಿ, ಇಲ್ಲಿಡು" ಅಂತ ಯಾರೋ ಅಜ್ಜಿ ಕೈ ಚಾಚಿದರೆ ಗಾಬರಿಯಾಗಬೇಡಿ, ಕೊಡಿ, ಕಣ್ಣಿಗೆ ಕಾಣುವ ಹಾಗೆ ನಿಂತುಕೊಳ್ಳಿ, ಅಷ್ಟೇ. ಮೀನಿನ ಬುಟ್ಟಿ ಹಿಡಿದವರು, ಕಾಲೇಜು ಹುಡುಗರು, ಕಚೇರಿಗೆ ಹೋಗುವವರು, ಎಲ್ಲ ದಿನಾ ಅದೇ ಬಸ್ಸಿನವರು. ಒಬ್ಬರಿಗೊಬ್ಬರು ಮುಖಪರಿಚಯ ಇರುವ ಬಸ್ಸಿನಲ್ಲಿ ತಂಟೆ ಮಾಡುವುದು ಕಷ್ಟ.

ಹೆಣ್ಣುಮಕ್ಕಳು ಒಬ್ಬರೇ ಬರಬಹುದಾ? ಬರಬಹುದು. ಮುಂದಿನ ಸೀಟುಗಳು ಮಹಿಳೆಯರಿಗೆ ಅಂತಲೇ ಇವೆ, ಅಲ್ಲಿ ಗಂಡಸರು ಕೂತಿದ್ದರೆ ಏಳಿಸಿ, ಸಂಕೋಚ ಬೇಡ. ಯಾರಾದರೂ ಬೇಕಂತಲೇ ಮೈಮೇಲೆ ಬೀಳುತ್ತಿದ್ದರೆ ಸುಮ್ನೆ ಸಹಿಸಿಕೊಂಡು ಜಾಗ ಬದಲಿಸುವುದಲ್ಲ, ಜೋರಾಗಿ ಕಂಡಕ್ಟರ್‌ಗೆ ಹೇಳಿ. ನಮ್ಮ ಬಸ್ಸಿನಲ್ಲಿ ಒಬ್ಬರು ದನಿ ಎತ್ತಿದರೆ ಹತ್ತು ಜನ ಸೇರುತ್ತಾರೆ, ಅಕ್ಕಂದಿರೇ ಮೊದಲು. 112ಕ್ಕೆ ಫೋನ್ ಮಾಡಿದರೆ ಪೊಲೀಸರು ಸಿಗುತ್ತಾರೆ, 181 ಮಹಿಳಾ ಸಹಾಯವಾಣಿ. ಎರಡನ್ನೂ ಸೇವ್ ಮಾಡಿಟ್ಟುಕೊಳ್ಳಿ.

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅವತ್ತಿನಿಂದ ಬಸ್ಸಿನಲ್ಲಿ ಹೆಂಗಸರ ಸಂಖ್ಯೆ ಜಾಸ್ತಿ. ನನಗೆ ಕೇಳಿದರೆ ಸುರಕ್ಷತೆಗೆ ಇದರಷ್ಟು ಸಹಾಯ ಬೇರೆ ಯಾವುದೂ ಮಾಡಿಲ್ಲ. ಮೊದಲೆಲ್ಲ ಸಂಜೆಯ ಕೊನೆಯ ಟ್ರಿಪ್ಪಿನಲ್ಲಿ ಒಬ್ಬಿಬ್ಬರು ಹೆಂಗಸರು ಮುದುರಿಕೊಂಡು ಕೂತಿರುತ್ತಿದ್ದರು. ಈಗ ಅರ್ಧ ಬಸ್ಸೇ ಅವರದ್ದು. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಉಚಿತ ಟಿಕೆಟ್ ತಗೊಳ್ಳಬೇಕು, ಟಿಕೆಟ್ ಇಲ್ಲದೆ ಕೂರುವ ಹಾಗಿಲ್ಲ. ಜೊತೆಗೆ ಹೊರರಾಜ್ಯದ ಗೆಳತಿ ಬಂದಿದ್ದರೆ ಅವರು ದುಡ್ಡು ಕೊಡಲೇಬೇಕು. ಗೋವಾಕ್ಕೆ ಹೋಗುವ ಬಸ್ಸಿಗೂ ಇದು ನಡೆಯುವುದಿಲ್ಲ.

ಗೋವಾ ಅಂದಾಗ ನೆನಪಾಯಿತು. ಕಾರವಾರದಿಂದ ಮಡಗಾಂವ್ ಕಡೆ ಬಸ್ಸಿನಲ್ಲಿ ಹೋಗಿ ಬರುವವರು ಬಹಳ. ಕಾಳಿ ನದಿ ದಾಟಿ, ಸದಾಶಿವಗಡ ದಾಟಿದರೆ ಮಾಜಾಳಿ ಚೆಕ್‌ಪೋಸ್ಟು. ವಾಪಸ್ ಬರುವಾಗ ಅಲ್ಲಿ ಅಬಕಾರಿಯವರು ಬಸ್ಸು ಹತ್ತಿ ಬ್ಯಾಗು ನೋಡುತ್ತಾರೆ. ಪರವಾನಗಿ ಇಲ್ಲದೆ ಗೋವಾದ ದಾರು ತರುವುದು ನಮ್ಮ ರಾಜ್ಯದಲ್ಲಿ ಅಪರಾಧ, ಇದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಮೇಲೆ ಹೇಳಿದ ತೊಡೆ ಮೇಲೆ ಬ್ಯಾಗು ಇಟ್ಟುಕೊಳ್ಳುವ ಒಳ್ಳೆಯತನವನ್ನು ಈ ಒಂದು ರೂಟಿನಲ್ಲಿ ಮಾತ್ರ ಪೂರ್ತಿ ಮರೆತುಬಿಡಿ. "ತಮ್ಮ, ಇದೊಂದು ಚೀಲ ನಿನ್ನ ಹತ್ತಿರ ಇರಲಿ, ನಾ ಹಿಂದೆ ಕೂತಿರ್ತೆ" ಅಂದರೆ ನಗುತ್ತಲೇ ಇಲ್ಲ ಅನ್ನಿ. ತಪಾಸಣೆಗೆ ಬಂದಾಗ ಚೀಲದ ಮಾಲೀಕ ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ, ಉತ್ತರ ಕೊಡಬೇಕಾದವರು ನೀವು. ನಿಮ್ಮ ಬ್ಯಾಗನ್ನೂ ಕಾಣದ ಕಡೆ ಇಡಬೇಡಿ. ಸೀಟಿನ ಕೆಳಗೆ ಇಟ್ಟರೆ ಅದರ ಪಕ್ಕಕ್ಕೆ ಇನ್ಯಾರದ್ದೋ ಸೇರಿಕೊಳ್ಳುತ್ತದೆ.

ಇದೇ ಹೆದ್ದಾರಿಯಲ್ಲಿ ಕಾರವಾರದ ದಕ್ಷಿಣಕ್ಕೆ ಅರ್ಗಾ ಹತ್ತಿರ ಕದಂಬ ನೌಕಾನೆಲೆ ಬರುತ್ತದೆ. ಕಿಟಕಿಯಿಂದ ಸಮುದ್ರ ಚೆಂದ ಕಾಣುತ್ತದೆ ಅಂತ ಫೋನ್ ಹೊರಗೆ ಹಾಕಿ ಶೂಟ್ ಮಾಡಬೇಡಿ, ಫೋಟೊ ನಿಷೇಧ ಅಂತ ಬೋರ್ಡೇ ಇದೆ.

ಈಗ ಘಟ್ಟ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರು, ನಡುವೆ ದೇವಿಮನೆ ಘಟ್ಟ. ಕಳ್ಳರ ಭಯ ಇಲ್ಲಿ ಶೂನ್ಯ. ಹೊಟ್ಟೆಯ ಭಯ ಮಾತ್ರ ಇದೆ. ತಿರುವು ಶುರುವಾದ ಕೂಡಲೇ ಒಬ್ಬೊಬ್ಬರೇ ಕಿಟಕಿ ಕಡೆ ವಾಲುತ್ತಾರೆ. ಮುಂದಿನ ಸೀಟಿನವರು ವಾಲಿದ್ದು ಕಂಡರೆ ನಿಮ್ಮ ಗಾಜನ್ನು ಆ ಕ್ಷಣವೇ ಎಳೆಯಿರಿ, ವಿವರಣೆ ಬೇಡ ಅಲ್ವಾ. ಹಿಂದಿನ ಸೀಟು ಬಿಟ್ಟು ಮುಂದೆ ಅಥವಾ ಮಧ್ಯದಲ್ಲಿ ಕೂರಿ, ಹೊಟ್ಟೆ ತುಂಬ ಬನ್ಸು, ಮಿಸಳ್ ತಿಂದು ಹತ್ತಬೇಡಿ. ನಗುವ ವಿಷಯ ಅಲ್ಲದ್ದು ಒಂದಿದೆ: ವಾಂತಿ ಬಂತು ಅಂತ ತಲೆ ಪೂರ್ತಿ ಹೊರಗೆ ಹಾಕುವುದು. ಎದುರಿನಿಂದ ಲಾರಿ ಬಂದರೆ ಘಟ್ಟದಲ್ಲಿ ಎರಡು ಗಾಡಿಗಳ ನಡುವೆ ಜಾಗ ಇರುವುದೇ ಗೇಣಷ್ಟು. ಒಂದು ಪ್ಲಾಸ್ಟಿಕ್ ಕವರು ಜೇಬಿನಲ್ಲಿರಲಿ. ಬಾಗಿಲ ಮೆಟ್ಟಿಲ ಮೇಲೆ ಜೋತಾಡುತ್ತ ವಿಡಿಯೋ ಮಾಡುವ ಹುಡುಗರಿಗಂತೂ ಕಂಡಕ್ಟರ್ ಬೈದರೆ ನಾನು ಕಂಡಕ್ಟರ್ ಪರ.

ಮಳೆಗಾಲದಲ್ಲಿ ಬರುವವರು ಬಸ್ಸಿಗಿಂತ ರಸ್ತೆಯ ಬಗ್ಗೆ ಜಾಸ್ತಿ ವಿಚಾರಿಸಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಪಕ್ಕ ಟೀ ಅಂಗಡಿ ನಡೆಸುತ್ತಿದ್ದ ಕುಟುಂಬ ಸೇರಿ ಹಲವರು ಸತ್ತರು, ಗಾಡಿಗಳು ಗಂಗಾವಳಿ ನದಿಯ ಪಾಲಾದವು. ಮೂರು ವಾರ ಕಳೆಯಿತೋ ಇಲ್ಲವೋ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಲಾರಿ ಸಮೇತ ನೀರಿಗೆ ಬಿತ್ತು. ಹೆದರಿಸಲು ಹೇಳುತ್ತಿಲ್ಲ. ರೆಡ್ ಅಲರ್ಟ್ ಇದ್ದ ದಿನ, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟ ದಿನ, ನೀವೂ ರೂಮಿನಲ್ಲಿ ಬಜಿ ತಿಂದುಕೊಂಡು ಇರಿ. ದೇವಿಮನೆ ರಸ್ತೆ ಮಳೆಗೂ ಮುಚ್ಚಿದ್ದುಂಟು, ಅಗಲೀಕರಣದ ಕೆಲಸಕ್ಕೂ ಮುಚ್ಚಿದ್ದುಂಟು. ಆಗ ಶಿರಸಿಗೆ ಯಲ್ಲಾಪುರದ ಮೇಲೋ ಸಿದ್ದಾಪುರದ ಮೇಲೋ ಸುತ್ತಿ ಹೋಗಬೇಕಾಗುತ್ತದೆ. ಮೊಬೈಲಿನ ಮ್ಯಾಪು ಇದನ್ನು ಯಾವಾಗಲೂ ಸರಿಯಾಗಿ ಹೇಳುವುದಿಲ್ಲ. ಸ್ಟ್ಯಾಂಡಿನ ಕಂಟ್ರೋಲರ್ ಹೇಳುತ್ತಾರೆ, ಸ್ವಲ್ಪ ಗಡಸು ದನಿಯಲ್ಲಾದರೂ.

ಇನ್ನು ನಾನು ಅರ್ಧ ಸ್ಟಾರ್ ಕತ್ತರಿಸಿದ ರಾತ್ರಿಯ ವಿಷಯ. ಬೆಂಗಳೂರಿನಿಂದ ಗೋವಾಕ್ಕೆ ಹೋಗುವ ಕೆಲವು ರಾತ್ರಿ ಬಸ್ಸುಗಳು ಗೋಕರ್ಣದ ಊರೊಳಗೆ ಬರುವುದಿಲ್ಲ. "ಗೋಕರ್ಣ ಬಂತು, ಇಳೀರಿ" ಅಂತ ನಸುಕಿನ ಕತ್ತಲೆಯಲ್ಲಿ ಮಾದನಗೇರಿ ಕ್ರಾಸಿನಲ್ಲಿ ಇಳಿಸಿ ಹೋಗುತ್ತವೆ. ಅಲ್ಲಿಂದ ಊರಿಗೆ ಇನ್ನೂ ಹತ್ತು ಕಿಲೋಮೀಟರಿನ ಹತ್ತಿರ. ಎದುರಿಗೆ ಹೆದ್ದಾರಿ, ಲಾರಿಗಳು, ಕೈಯಲ್ಲಿ ನಿಮ್ಮ ಲಗೇಜು. ಟಿಕೆಟ್ ಬುಕ್ ಮಾಡುವಾಗಲೇ ಇಳಿಯುವ ಜಾಗದ ಹೆಸರನ್ನು ಸರಿಯಾಗಿ ನೋಡಿ, ಕ್ರಾಸು ಅಂತಿದ್ದರೆ ಉಳಿದುಕೊಳ್ಳುವ ಹೋಂಸ್ಟೇಯವರಿಗೆ ಮೊದಲೇ ಹೇಳಿ ರಿಕ್ಷಾ ಗೊತ್ತು ಮಾಡಿಸಿ. ರೈಲಿನಲ್ಲಿ ಬಂದರೂ ಇದೇ ಗೋಳು. ಗೋಕರ್ಣ ರೋಡ್ ಸ್ಟೇಷನ್ನು ಗೋಕರ್ಣದಲ್ಲಿಲ್ಲ, ಕಾರವಾರದ ಸ್ಟೇಷನ್ನು ಪೇಟೆಯಿಂದ ದೂರ ಶಿರವಾಡದಲ್ಲಿದೆ. ಹೊತ್ತಲ್ಲದ ಹೊತ್ತಿನಲ್ಲಿ ಇಳಿದರೆ ಇತರ ಪ್ರಯಾಣಿಕರ ಜೊತೆಗೇ ಹೊರಗೆ ಬನ್ನಿ, ರಿಕ್ಷಾ ಹಂಚಿಕೊಳ್ಳಿ. ಎಲ್ಲರೂ ಹೋದ ಮೇಲೆ ಉಳಿದರೆ ರೇಟು ಅವರು ಹೇಳಿದ್ದೇ.

ರಿಕ್ಷಾದಲ್ಲಿ ಮೀಟರ್ ಹಾಕಿ ಅಂದರೆ ನಮ್ಮ ಕಡೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಕೂರುವ ಮೊದಲೇ ಮಾತಾಡಿ. ಓಂ ಬೀಚಿಗೆ ಹೋಗುವಾಗ ವಾಪಸ್ ಬರುವುದಕ್ಕೆ ಯಾರು, ಎಷ್ಟು ಗಂಟೆಗೆ ಅನ್ನುವುದನ್ನೂ ಮಾತಾಡಿಕೊಂಡೇ ಹೋಗಿ, ಕತ್ತಲಾದ ಮೇಲೆ ಗುಡ್ಡದ ದಾರಿಯಲ್ಲಿ ನಡೆದುಕೊಂಡು ಬರುವ ಸಾಹಸ ಬೇಡ. ಹೊನ್ನಾವರ, ಭಟ್ಕಳ ಕಡೆ ಓಡುವ ಟೆಂಪೋಗಳು ಹಗಲಿಗೆ ಪರವಾಗಿಲ್ಲ, ಕೈ ತೋರಿಸಿದಲ್ಲಿ ನಿಲ್ಲುತ್ತವೆ. ಆದರೆ ಜನ ತುಂಬಿಸುವುದಕ್ಕೆ ಮಿತಿ ಇಲ್ಲ, ಎಲ್ಲಾ ಕಡೆ ಟಿಕೆಟ್ ಕೊಡುವುದೂ ಇಲ್ಲ. ದೊಡ್ಡ ಬ್ಯಾಗು ಇದ್ದವರು ಬಸ್ಸಿಗೇ ಕಾಯಿರಿ.

ರೈಲಿನ ಬಾಗಿಲಲ್ಲಿ ನಿಂತು ಹೊನ್ನಾವರದ ಶರಾವತಿ ಸೇತುವೆಯ ವಿಡಿಯೋ ಮಾಡುವವರಿಗೆ ಒಂದೇ ಮಾತು. ಅದು ಎರಡು ಕಿಲೋಮೀಟರಿಗೂ ಉದ್ದ, ಸೀಟಿನಲ್ಲಿ ಕೂತೇ ಬೇಕಾದಷ್ಟು ಹೊತ್ತು ನೋಡಬಹುದು. ರೈಲಿನಲ್ಲಿ ಏನೇ ತೊಂದರೆಯಾದರೂ 139.

ಕೊನೆಗೆ ಟಿಕೆಟ್. ಇಳಿದ ಕೂಡಲೇ ಬಿಸಾಡಬೇಡಿ, ಒಂದು ಫೋಟೊ ತೆಗೆದಿಡಿ. ಬಸ್ಸಿನ ನಂಬರೂ ನೋಡಿಕೊಳ್ಳಿ, ನಮ್ಮ ವಿಭಾಗದವು ಹೆಚ್ಚಾಗಿ ಕೆಎ 31 ಎಫ್ ಅಂತ ಶುರುವಾಗುತ್ತವೆ. ಯಾವ ಡಿಪೋ ಅಂತ ಬಸ್ಸಿನ ಮೇಲೇ ಬರೆದಿರುತ್ತದೆ. ಹೊರಗಿನವರು ಎಲ್ಲವನ್ನೂ ಕೆಎಸ್‌ಆರ್‌ಟಿಸಿ ಅನ್ನುತ್ತಾರೆ, ಆದರೆ ಇದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ. ಏನಾದರೂ ಮರೆತರೆ ಬೆಂಗಳೂರಿನ ನಂಬರಿಗೆ ಫೋನ್ ಹಚ್ಚಿ ಕೂರಬೇಡಿ, ಹತ್ತಿರದ ಸ್ಟ್ಯಾಂಡಿಗೆ ಹೋಗಿ ಕಂಟ್ರೋಲರ್‌ಗೆ ಟಿಕೆಟ್ ತೋರಿಸಿ. ನಮ್ಮ ಅತ್ತಿಗೆ ಒಮ್ಮೆ ಶಿರಸಿ ಬಸ್ಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಚೀಲ ಬಿಟ್ಟು ಇಳಿದಿದ್ದರು. ಟಿಕೆಟ್ ತೋರಿಸಿದ್ದಕ್ಕೆ ಕಂಟ್ರೋಲರ್ ಆ ಕಂಡಕ್ಟರ್‌ಗೇ ಫೋನ್ ಮಾಡಿದರು, ಚೀಲ ಅದೇ ಬಸ್ಸು ವಾಪಸ್ ಬರುವಾಗ ಬಂತು, ಜಾಡಿಯೂ ಒಡೆದಿರಲಿಲ್ಲ.