ಪ್ರಿಸ್ಮ್ಯಾಟಿಕ್, ಪ್ಲೇಟ್, ಮೊಬೈಲ್: ಪುಟ್ಟ ಸ್ಕೌಟ್ ಕೈಗೆ ಯಾವ ದಿಕ್ಸೂಚಿ?

ನಾನು ಮೊದಲ ಸಲ ದಿಕ್ಸೂಚಿ ಹಿಡಿದದ್ದು ಎಂಟನೇ ಕ್ಲಾಸಿನಲ್ಲಿ, ಸ್ಕೌಟಿನ ಎರಡನೇ ಹಂತದ ಪರೀಕ್ಷೆಯಾದ ದ್ವಿತೀಯ ಸೋಪಾನಕ್ಕೆ ತಯಾರಾಗುವಾಗ. ಹಿತ್ತಾಳೆಯ ಪ್ರಿಸ್ಮ್ಯಾಟಿಕ್ ದಿಕ್ಸೂಚಿ, ಎನ್‌ಸಿಸಿಯಲ್ಲಿ ಮ್ಯಾಪ್ ರೀಡಿಂಗ್ ಮಾಡಿದವರಿಗೆ ಗೊತ್ತಿರುತ್ತದೆ. ಇಡೀ ಟ್ರೂಪಿಗೆ ಅದೊಂದೇ ಇತ್ತು, ಒಬ್ಬೊಬ್ಬರಿಗೆ ಎರಡು ನಿಮಿಷ ಸಿಗುತ್ತಿತ್ತು. ಹದಿನಾರು ದಿಕ್ಕು ಬಾಯಿಪಾಠ ಆಯಿತು, ದಾರಿ ಹುಡುಕುವುದು ಬರಲಿಲ್ಲ. ಈಗ ನಾನೇ ಮಕ್ಕಳನ್ನು ಹೈಕಿಗೆ ಕರೆದುಕೊಂಡು ಹೋಗುತ್ತೇನೆ. ಹನ್ನೆರಡು ವರ್ಷದ ಮಗುವಿನ ಕೈಗೆ ಮೊದಲು ಏನು ಕೊಡಬೇಕು ಅನ್ನುವುದು ನನಗೆ ಸಣ್ಣ ಪ್ರಶ್ನೆಯಲ್ಲ.

ಹೋದ ಡಿಸೆಂಬರಿನಲ್ಲಿ ದೊಡ್ಡಬಳ್ಳಾಪುರದ ಆಚೆ, ಮಾಕಳಿದುರ್ಗ ಬೆಟ್ಟ ಎದುರಿಗೇ ಕಾಣುವ ಬಯಲಿನಲ್ಲಿ ಪರೀಕ್ಷೆ ಮಾಡಿದೆವು. ಮೂರು ತಂಡ, ಮೂರು ಸಾಧನ. ಕೆರೆ ಏರಿಯಿಂದ ಒಂಟಿ ಬಂಡೆ, ಅಲ್ಲಿಂದ ಹುಣಸೆ ತೋಪು, ಮತ್ತೆ ಏರಿ. ಒಂದೊಂದು ಹಂತ ಹೆಚ್ಚುಕಡಿಮೆ ಒಂದು ಕಿಲೋಮೀಟರ್, ಪ್ರತಿ ಹಂತಕ್ಕೂ ಸಾಧನ ಅದಲುಬದಲು. ನಕ್ಷೆ ಸರ್ವೇ ಆಫ್ ಇಂಡಿಯಾದ 1:50,000 ಹಾಳೆ. ಅದರಲ್ಲಿ 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. (ಪಿಡಿಎಫ್ ಇಳಿಸಿ ಪ್ರಿಂಟ್ ಹಾಕಿಸುವವರು ಹಾಳೆಯ ಕೆಳಗಿರುವ ಅಳತೆಪಟ್ಟಿಗೆ ಸ್ಕೇಲ್ ಇಟ್ಟು ನೋಡಿ. ಪ್ರಿಂಟರ್ ಕಾಗದಕ್ಕೆ ಹೊಂದಿಸಲು ಕುಗ್ಗಿಸಿದ್ದರೆ ಎಲ್ಲ ಲೆಕ್ಕವೂ ತಪ್ಪುತ್ತದೆ.)

ನಿಖರತೆಯಲ್ಲಿ ಪ್ರಿಸ್ಮ್ಯಾಟಿಕ್ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ಪ್ರಿಸಮ್ಮಿಗೆ ಕಣ್ಣಿಟ್ಟು, ಮುಚ್ಚಳದ ಕೂದಲೆಳೆಯಂಥ ಗೆರೆಯನ್ನು ಬಂಡೆಯ ತುದಿಗೆ ಹೊಂದಿಸಿದರೆ ಡಿಗ್ರಿ ಅಲ್ಲೇ ಕಾಣುತ್ತದೆ. ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ 17 ಮೀಟರ್ ಪಕ್ಕಕ್ಕೆ ಸರಿಯುತ್ತೇವೆ, ಇದರಲ್ಲಿ ಅಷ್ಟೂ ತಪ್ಪದ ಹಾಗೆ ನೋಡಿಕೊಳ್ಳಬಹುದು. ಕಷ್ಟ ಇರುವುದು ಅದಕ್ಕೂ ಮುಂಚೆ. ನಕ್ಷೆಯ ಮೇಲೆ ಕೋನಮಾಪಕ ಇಟ್ಟು ಡಿಗ್ರಿ ಅಳೆದು, ಅದನ್ನು ನೆನಪಿಟ್ಟುಕೊಂಡು, ಆಮೇಲೆ ದಿಕ್ಸೂಚಿ ತೆಗೆಯಬೇಕು. ಒಂದು ತಂಡ ಕೋನಮಾಪಕದ ತಪ್ಪು ಸಾಲು ನೋಡಿ 240ರ ಬದಲು 60 ಅಂತ ಓದಿತು. ಬಂಡೆಗೆ ಬೆನ್ನು ಹಾಕಿ ಇನ್ನೂರು ಮೀಟರ್ ನಡೆದ ಮೇಲೇ ಗೊತ್ತಾಗಿದ್ದು.

ಪ್ಲೇಟ್ ದಿಕ್ಸೂಚಿಯನ್ನು 1930ರ ದಶಕದಲ್ಲಿ ಸ್ವೀಡನ್ನಿನಲ್ಲಿ ಓರಿಯಂಟೀರಿಂಗ್ (ನಕ್ಷೆ, ದಿಕ್ಸೂಚಿ ಹಿಡಿದು ದಾರಿ ಹುಡುಕುವ ಓಟ) ಓಡುವವರೇ ರೂಪಿಸಿದ್ದು. ಕೋನಮಾಪಕ ಅದರೊಳಗೇ ಇದೆ. ನಿಂತ ಜಾಗದಿಂದ ಹೋಗಬೇಕಾದ ಜಾಗಕ್ಕೆ ತಳದ ಅಂಚು ಇಡಬೇಕು. ಗುಂಡನೆಯ ಡಬ್ಬಿ ತಿರುಗಿಸಿ ಅದರ ಗೆರೆಗಳನ್ನು ನಕ್ಷೆಯ ಉತ್ತರಕ್ಕೆ ಹೊಂದಿಸಬೇಕು. ಕೆಂಪು ಮುಳ್ಳು ಕೆಂಪು ಗುರುತಿನೊಳಗೆ ಕೂರುವ ತನಕ ನಾವೇ ತಿರುಗಬೇಕು. ಅಂಕಿ ಓದುವ ಗೊಡವೆಯೇ ಇಲ್ಲ. ಏಳನೇ ಕ್ಲಾಸಿನ ಒಬ್ಬ ಹುಡುಗ ಡಬ್ಬಿಯನ್ನು ತಲೆಕೆಳಗಾಗಿ ಹೊಂದಿಸಿಬಿಟ್ಟಿದ್ದ. ಎರಡು ಹೆಜ್ಜೆ ಇಟ್ಟು ನಿಂತ. ನಕ್ಷೆ ನೋಡಿದ, ಏರಿ ನೋಡಿದ, ನಕ್ಷೆಯನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದ. "ಕೆರೆ ಬಲಕ್ಕೆ ಬರಬೇಕಿತ್ತು, ಎಡಕ್ಕಿದೆ" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ. ಕೋನಮಾಪಕದಲ್ಲೂ ಆದದ್ದು ಇದೇ ತಪ್ಪು, ಆದರೆ ಇಲ್ಲಿ ದಿಕ್ಸೂಚಿ ನಕ್ಷೆಯ ಮೇಲೇ ಇರುವುದರಿಂದ ಕಣ್ಣು ನಕ್ಷೆ ಬಿಟ್ಟು ಹೋಗುವುದಿಲ್ಲ. ನನಗೆ ಬೇಕಾಗಿದ್ದುದೂ ಇದೇ, ಅದಕ್ಕೇ ನನ್ನ ಓಟು ಪ್ಲೇಟಿಗೆ. ಮುಳ್ಳು ತೋರಿಸುವ ಕಾಂತೀಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ನಮ್ಮ ಕಡೆ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ, ಹೊಸಬರಿಗೆ ಅದನ್ನು ಸದ್ಯಕ್ಕೆ ಹೇಳದಿದ್ದರೂ ನಡೆಯುತ್ತದೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಯುರೋಪಿನಿಂದ ನೆಂಟರು ತಂದುಕೊಟ್ಟ ದಿಕ್ಸೂಚಿಯ ಮುಳ್ಳು ಇಲ್ಲಿ ಓರೆಯಾಗಿ ತಳಕ್ಕೆ ಉಜ್ಜಬಹುದು, ನನಗೆ ಹಾಗೇ ಆಯಿತು. ಅಲ್ಲಿ ಕಾಂತಶಕ್ತಿ ಮುಳ್ಳಿನ ಉತ್ತರ ತುದಿಯನ್ನು ಕೆಳಗೆ ಎಳೆಯುತ್ತದೆ, ಅದಕ್ಕೆ ದಕ್ಷಿಣ ತುದಿಗೆ ತೂಕ ಕೊಟ್ಟಿರುತ್ತಾರೆ. ಮುಳ್ಳು ಯಾವ ಕಡೆಗೂ ಬಾಗದೆ ಸಮವಾಗಿ ನಿಲ್ಲುವ ಗೆರೆ, ಅಂದರೆ ಕಾಂತೀಯ ಸಮಭಾಜಕ, ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾದುಹೋಗುವುದರಿಂದ ನಮ್ಮಲ್ಲಿ ಆ ಎಳೆತ ಕಡಿಮೆ, ತೂಕ ಮಾತ್ರ ಉಳಿಯುತ್ತದೆ. ಅಂಗಡಿಯಲ್ಲೇ ಸಮವಾಗಿ ಹಿಡಿದು ಮುಳ್ಳು ಸರಾಗವಾಗಿ ತಿರುಗುತ್ತದಾ ನೋಡಿ.

ಮೊಬೈಲ್ ಹಿಡಿದ ತಂಡ ಪ್ರತಿ ಹಂತದಲ್ಲೂ ಎಲ್ಲರಿಗಿಂತ ಬೇಗ ತಲುಪಿತು. ಆಮೇಲೆ ನಡೆದು ಬಂದ ದಾರಿಯನ್ನು ನೆಲದ ಮೇಲೆ ಬರೆಯಿರಿ ಅಂದರೆ ಒಬ್ಬರಿಗೂ ಆಗಲಿಲ್ಲ. ಇಡೀ ಹೊತ್ತು ನೀಲಿ ಚುಕ್ಕಿ ನೋಡಿಕೊಂಡೇ ನಡೆದಿದ್ದರು. ಆಯಸ್ಕಾಂತ ಇರುವ ಕವರ್ ಹಾಕಿದ್ದರೆ ಅದರ ದಿಕ್ಕೂ ಕೆಡುತ್ತದೆ. ತುರ್ತಿಗೆ ಬ್ಯಾಗಿನಲ್ಲಿರಲಿ, ಕಲಿಯುವುದಕ್ಕೆ ಬೇಡ.

ಗಡಿಯಾರದಿಂದ ದಿಕ್ಕು ಹುಡುಕುವ ಪಾಠವೂ ಇದೆಯಲ್ವಾ, ಗಂಟೆ ಮುಳ್ಳನ್ನು ಸೂರ್ಯನ ಕಡೆಗೆ ಹಿಡಿದು 12ಕ್ಕೂ ಅದಕ್ಕೂ ನಡುವೆ ದಕ್ಷಿಣ ಅನ್ನುವುದು. ಅದು ಇಂಗ್ಲೆಂಡಿಗೆ ಸರಿ. ಬೆಂಗಳೂರಿನ ಸುತ್ತ ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ 18ರ ತನಕ ಉತ್ತರಕ್ಕೇ ಇರುತ್ತಾನೆ. ಬೇಸಿಗೆ ಶಿಬಿರದಲ್ಲಿ ಈ ಉಪಾಯ ಸುಮ್ನೆ ದಾರಿ ತಪ್ಪಿಸುತ್ತದೆ. ಧ್ರುವ ನಕ್ಷತ್ರವೂ ನಮಗೆ 13 ಡಿಗ್ರಿ ಮೇಲಷ್ಟೇ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಡಿಸೆಂಬರಿನ ರಾತ್ರಿ ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜ) ನಡುಪಟ್ಟಿಯ ಮೂರು ನಕ್ಷತ್ರ ಹುಟ್ಟುವುದನ್ನು ತೋರಿಸಿ, ಅದು ಹೆಚ್ಚುಕಡಿಮೆ ನೇರ ಪೂರ್ವ.

ಹಿತ್ತಾಳೆಯದನ್ನು ನಾನೇನೂ ಪಕ್ಕಕ್ಕಿಟ್ಟಿಲ್ಲ. ಆ ದಿನ ಸಂಜೆ ಏರಿಯ ಮೇಲೆ ತೃತೀಯ ಸೋಪಾನದ ಹುಡುಗಿಯೊಬ್ಬಳು ಅದರಲ್ಲಿ ಮಾಕಳಿದುರ್ಗದ ತುದಿ ನೋಡಿದಳು, ಆಮೇಲೆ ದೂರದ ಇನ್ನೊಂದು ಗುಡ್ಡ ನೋಡಿದಳು. ಎರಡರ ಡಿಗ್ರಿಯನ್ನೂ ತಿರುವು ಮಾಡಿ (180 ಕೂಡಿಸಿ ಇಲ್ಲವೇ ಕಳೆದು) ಆ ತುದಿಗಳಿಂದ ನಕ್ಷೆಯ ಮೇಲೆ ಗೆರೆ ಎಳೆದಳು. ಗೆರೆಗಳು ಸೇರಿದ್ದು ಏರಿಯ ಮೇಲೆ, ನಾವು ನಿಂತಲ್ಲೇ.