ಒಗ್ಗರಣೆ ಕೇಳಿಸದ ಅಡುಗೆಮನೆ: ನಮ್ಮ ಹಾಬ್ ಮತ್ತು ಚಿಮಣಿಯ ಬಗ್ಗೆ

ಎರಡು ಯುಗಾದಿಯ ಒಬ್ಬಟ್ಟು, ಎರಡು ದೀಪಾವಳಿಯ ಕಜ್ಜಾಯ ಮತ್ತು ಅವುಗಳ ನಡುವಿನ ದಿನನಿತ್ಯದ ಸಾರು, ಹುಳಿ, ಪಲ್ಯಗಳನ್ನೆಲ್ಲ ಕಟ್ಟೆಯೊಳಗೆ ಕೂರಿಸಿದ ಈ ಗ್ಯಾಸ್ ಒಲೆ, ಅಂದರೆ ಹಾಬ್ ಮೇಲೆ, ಹೊಗೆ ಹೀರಿ ಹೊರಹಾಕುವ ಈ ಚಿಮಣಿಯ ಕೆಳಗೆ ಮಾಡಿಯಾದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಗಾಜಿನ ದಪ್ಪ, ಬರ್ನರ್‌ಗಳ ಸಂಖ್ಯೆ, ಬಣ್ಣ ಮುಂತಾದ ವಿವರಗಳು ಮಾರಾಟದ ಪುಟದಲ್ಲಿಯೇ ಇರುವುದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇನೆ. ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ನನ್ನ ದೂರು ಯಾವ ಕಂಪನಿಯ ಚಿಮಣಿಯಲ್ಲಾದರೂ ಹುಟ್ಟಬಹುದಾದದ್ದು. ಚಿಮಣಿ ಬಂದ ದಿನದಿಂದ ಬಹುಕಾಲದವರೆಗೆ ನನಗೆ ಒಗ್ಗರಣೆ ಕೇಳಿಸುತ್ತಲೇ ಇರಲಿಲ್ಲ.

ಇದನ್ನು ಓದಿ ನಗುವವರು ಅಡುಗೆಯನ್ನು ಕಣ್ಣಿನಿಂದ ಮಾತ್ರ ಮಾಡುವವರಿರಬೇಕು. ಸಾಸಿವೆ ಸಿಡಿಯಲು ಶುರುವಾಗಿ, ಜೋರಾಗಿ, ಮತ್ತೆ ಮೆಲ್ಲನೆ ತಗ್ಗುವಾಗ ಉದ್ದಿನಬೇಳೆ ಹಾಕಬೇಕು. ಅದು ಕೆಂಪಾಗುವ ಹೊತ್ತಿಗೆ ಮೆಣಸಿನಕಾಯಿ, ಇಂಗು, ಕೊನೆಗೆ ಕರಿಬೇವು. ಈ ಕ್ರಮದ ಅರ್ಧ ಭಾಗವನ್ನು ತಿಳಿಸುವುದು ಕಿವಿಯೇ. ಪಕ್ಕದ ಉರಿಯಲ್ಲಿ ಕುಕ್ಕರ್ ಎಷ್ಟು ಕೂಗಿತೆಂಬುದು, ಹಿಂದಿನ ಉರಿಯಲ್ಲಿ ಹುಳಿ ಕೊತಕೊತ ಕುದಿಯುತ್ತಿದೆಯೇ ಅಥವಾ ತಳ ಹಿಡಿಯುವ ಮುನ್ನ ಸದ್ದು ಬದಲಿಸಿದೆಯೇ ಎಂಬುದು ತಿಳಿಯುವುದೂ ಹಾಗೆಯೇ. ಚಿಮಣಿಯನ್ನು ಮೂರನೆಯ ವೇಗದಲ್ಲಿ ಇಟ್ಟರೆ ಇವೆಲ್ಲವೂ ಅದರ ಗರ್ಜನೆಯಲ್ಲಿ ಮುಳುಗಿಹೋಗುತ್ತಿದ್ದವು. ಹಾಲ್‌ನಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ನಮ್ಮ ಮನೆಯವರನ್ನು, "ರೀ, ಕುಕ್ಕರ್ ಎಷ್ಟು ಕೂಗಾಯ್ತು?" ಎಂದು ಕೇಳುವ ಪರಿಸ್ಥಿತಿ ನನ್ನದಾಗಿತ್ತು. ಒಲೆಯ ಮುಂದೆ ನಿಂತವಳಿಗೆ ಕೇಳಿಸದ ಕೂಗು ಅವರಿಗೆ ಕೇಳಿಸುತ್ತಿತ್ತು, ಆದರೆ ಅವರು ಲೆಕ್ಕ ಇಟ್ಟಿರುತ್ತಿರಲಿಲ್ಲ.

ವೇಗ ತಗ್ಗಿಸಿದರೆ ಸದ್ದೇನೋ ತಗ್ಗುತ್ತಿತ್ತು, ಆದರೆ ಘಾಟು ಹೋಗುತ್ತಿರಲಿಲ್ಲ. ಬ್ಯಾಡಗಿಯ ಜೊತೆಗೆ ನಾಲ್ಕು ಗುಂಟೂರು ಮೆಣಸಿನಕಾಯಿ ಹುರಿದ ದಿನ ಮನೆಮಂದಿಯೆಲ್ಲ ಕೆಮ್ಮುತ್ತಿದ್ದರು. ಗಂಟೆಗೆ 1200 ಘನ ಮೀಟರ್ ಗಾಳಿಯನ್ನು ಹೀರುತ್ತದೆಂದು ಹೇಳಿ ಮಾರಿದ ಯಂತ್ರವದು. ನಮ್ಮ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರವಿದೆ. ಅಂದರೆ ಸುಮಾರು 23 ಘನ ಮೀಟರ್ ಗಾಳಿ. ಆ ಸಂಖ್ಯೆ ನಿಜವಾಗಿದ್ದರೆ ಕೋಣೆಯ ಗಾಳಿಯೆಲ್ಲ ಗಂಟೆಗೆ ಐವತ್ತಕ್ಕೂ ಹೆಚ್ಚು ಬಾರಿ ಬದಲಾಗಬೇಕಿತ್ತು. ಅಷ್ಟು ಬಲವಿರುವ ಚಿಮಣಿ ಒಂದು ಒಗ್ಗರಣೆಗೆ ಸೋಲುವುದಾದರೂ ಹೇಗೆ?

ಕಾರಣ ಗೋಡೆಯಲ್ಲಿತ್ತು. ಚಿಮಣಿಯ ಗಾಳಿ ಹೊರಹೋಗುವ ಬಾಯಿ ಆರು ಇಂಚಿನದು, ಆದರೆ ಗೋಡೆಯಲ್ಲಿ ಮೊದಲೇ ಇದ್ದ ರಂಧ್ರ ನಾಲ್ಕು ಇಂಚಿನದು. ಕೂರಿಸಲು ಬಂದಿದ್ದ ತಂತ್ರಜ್ಞರು ಹೊಸ ರಂಧ್ರ ಕೊರೆಸುವ ಮಾತನ್ನೇ ಎತ್ತದೆ, ದೊಡ್ಡ ಬಾಯನ್ನು ಚಿಕ್ಕ ರಂಧ್ರಕ್ಕೆ ಹೊಂದಿಸುವ ಒಂದು ರಿಡ್ಯೂಸರ್ ಸಿಕ್ಕಿಸಿ, ನೆರಿಗೆ ನೆರಿಗೆಯಾದ ಅಲ್ಯೂಮಿನಿಯಂ ಗಾಳಿಕೊಳವೆಯನ್ನು (ಡಕ್ಟ್) ಎರಡು ಕಡೆ ಬಾಗಿಸಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಹೋಗಿದ್ದರು. ಆರು ಇಂಚಿನಿಂದ ನಾಲ್ಕು ಇಂಚಿಗೆ ಇಳಿದರೆ ಮೂರನೆಯ ಒಂದು ಭಾಗ ಮಾತ್ರ ಕಡಿಮೆಯಾಯಿತೆಂದು ತೋರಬಹುದು. ಆದರೆ ಗಾಳಿ ಹಾಯುವುದು ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ, ಮತ್ತು ಆ ವಿಸ್ತೀರ್ಣ ಅರ್ಧಕ್ಕಿಂತಲೂ ಕಡಿಮೆಯಾಗಿ 44 ಪ್ರತಿಶತಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿ ಆ ಕಿರಿದಾದ ದಾರಿಯಲ್ಲಿ ಹೋಗಬೇಕೆಂದರೆ ಎರಡೂಕಾಲು ಪಟ್ಟು ವೇಗದಲ್ಲಿ ಓಡಬೇಕು, ವೇಗ ಹೆಚ್ಚಿದಂತೆ ಎದುರೊತ್ತಡ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ, ಮೋಟಾರು ಕೂಗುತ್ತದೆ, ಹೊಗೆ ಮಾತ್ರ ಅಲ್ಲೇ ಉಳಿಯುತ್ತದೆ. ಪ್ರತಿಯೊಂದು ತಿರುವೂ, ಡಕ್ಟಿನ ಒಳಗಿನ ಪ್ರತಿಯೊಂದು ನೆರಿಗೆಯೂ ಇದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ.

ಸೇವಾ ಕೇಂದ್ರಕ್ಕೆ ಕರೆ ಮಾಡಿದಾಗಲೆಲ್ಲ, "ಮೇಡಂ, ಚಿಮಣಿ ಅಂದ ಮೇಲೆ ಸದ್ದು ಇದ್ದೇ ಇರುತ್ತೆ" ಎಂಬ ಒಂದೇ ಉತ್ತರ ಬರುತ್ತಿತ್ತು. ಈ ಮಾತನ್ನು ನಮ್ಮತ್ತೆಯವರು ಒಪ್ಪಲಿಲ್ಲ. ತಿಪಟೂರಿನ ಕಡೆಯ ಅವರ ಮನೆಯಲ್ಲಿ ವರ್ಷಾನುಗಟ್ಟಲೆ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ 1980ರ ದಶಕದಲ್ಲಿ ಹಳ್ಳಿಗಳಿಗಾಗಿ ರೂಪಿಸಿದ ಆ ಸೌದೆ ಒಲೆಗೂ ಒಂದು ಹೊಗೆಕೊಳವೆ ಇತ್ತು. ಬಿಸಿಯಾದ ಗಾಳಿ ತಾನಾಗಿ ಮೇಲೇರುವುದರಿಂದ ಹೊಗೆ ಯಾವ ಮೋಟಾರೂ ಇಲ್ಲದೆ ಹೊರಟುಹೋಗುತ್ತಿತ್ತು. "ಅದು ಸೌದೆ ಹೊಗೇನೇ ಬಾಯಿ ಮುಚ್ಕೊಂಡು ಎಳೀತಿತ್ತು ಕಣಮ್ಮ, ಇದಕ್ಕೇನು ಬಂದಿದೆ ರೋಗ?" ಎಂದರು. ಒಗ್ಗರಣೆಯ ಹೊಗೆಗೆ ಉರಿಗೂಡಿನ ಹೊಗೆಯಷ್ಟು ಶಾಖ ಇರುವುದಿಲ್ಲ, ಹಾಗಾಗಿ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ. ಆದರೂ ಕೊಳವೆಯ ಕಡೆಗೆ ನಮ್ಮ ಗಮನ ಹರಿದದ್ದು ಆ ಮಾತಿನಿಂದಲೇ.

ಕೊನೆಗೆ ಕಂಪನಿಯನ್ನು ಬಿಟ್ಟು, ಬಡಾವಣೆಯ ಪ್ಲಂಬರ್ ಒಬ್ಬರಿಂದ ಕೋರ್ ಕಟಿಂಗ್ ಮಾಡಿಸಿ ಗೋಡೆಗೆ ಆರು ಇಂಚಿನ ರಂಧ್ರ ಕೊರೆಸಿದೆವು. ಒಳಮೈ ನಯವಾಗಿರುವ ಆರು ಇಂಚಿನ ಪಿವಿಸಿ ಕೊಳವೆ, ಒಂದೇ ತಿರುವು, ಹೊರಗಡೆ ಮಳೆನೀರು ಮತ್ತು ಪಾರಿವಾಳಗಳನ್ನು ತಡೆಯುವ ಮುಚ್ಚಳ: ಇಷ್ಟೇ ಕೆಲಸ. ಚಿಮಣಿ ಅದೇ, ಮೋಟಾರು ಅದೇ. ಆದರೆ ಈಗ ಮೊದಲನೆಯ ವೇಗದಲ್ಲಿಯೇ ಒಗ್ಗರಣೆಯ ಘಾಟು ಮೂಗಿಗೆ ಬರುವ ಮುನ್ನ ಮೇಲೆ ಹೋಗುತ್ತದೆ, ಸಾಸಿವೆ ಸಿಡಿಯುವುದು ಸ್ಪಷ್ಟವಾಗಿ ಕೇಳುತ್ತದೆ. ಹಪ್ಪಳ, ಸಂಡಿಗೆ ಕರಿಯುವಾಗ ಎರಡನೆಯ ವೇಗ ಬೇಕು. ಮೂರನೆಯದನ್ನು ಮುಟ್ಟುವ ಸಂದರ್ಭ ಈಗ ಹಬ್ಬದ ದಿನಗಳಲ್ಲಿ ಮಾತ್ರ. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳುತ್ತದೆಂಬುದನ್ನು ನೆನಪಿಟ್ಟುಕೊಂಡು, ಕೊಳ್ಳುವವರು ಗರಿಷ್ಠ ಹೀರುವ ಸಾಮರ್ಥ್ಯಕ್ಕಿಂತ ಕನಿಷ್ಠ ವೇಗದಲ್ಲಿ ಸದ್ದು ಎಷ್ಟು ಎಂಬುದನ್ನು ವಿಚಾರಿಸುವುದು ಒಳ್ಳೆಯದು. ಇನ್ನೊಂದು ವಿಷಯ: ಹೊರಹೋದಷ್ಟೇ ಗಾಳಿ ಒಳಗೆ ಬರಲೇಬೇಕು. ಒಲೆಯ ಪಕ್ಕದ ಕಿಟಕಿಯನ್ನು ತೆರೆದರೆ ಆ ಗಾಳಿ ಹೊಗೆಯನ್ನು ಚಿಮಣಿಗೆ ಸಿಗದಂತೆ ಅತ್ತಿತ್ತ ತಳ್ಳುತ್ತದೆ. ಹಾಗಾಗಿ ನಾನು ಯುಟಿಲಿಟಿಯ ಬಾಗಿಲನ್ನು ತೆರೆದಿಡುತ್ತೇನೆ.

ಸದ್ದಿನ ಜಗಳ ಮುಗಿದ ಮೇಲೆ ಈ ಯಂತ್ರದ ಬಗ್ಗೆ ಸ್ವಲ್ಪ ಪ್ರೀತಿಯೂ ಹುಟ್ಟಿದೆ. ಅದರ ಎರಡು ಚಿಕ್ಕ ಎಲ್‌ಇಡಿ ದೀಪಗಳು ನಾನು ನಿರೀಕ್ಷಿಸದಿದ್ದ ಸುಖ. ಬೆಳಗಿನ ಜಾವ ದೊಡ್ಡ ದೀಪ ಹಾಕದೆ, ಆ ಬೆಳಕಿನಲ್ಲಿಯೇ ಫಿಲ್ಟರಿಗೆ ಕಾಫಿಪುಡಿ ತುಂಬಿ, ಬಿಸಿನೀರು ಸುರಿದು, ಚಿಕ್ಕ ಬರ್ನರ್ ಮೇಲೆ ಹಾಲಿಟ್ಟು, ಡಿಕಾಕ್ಷನ್ ತೊಟ್ಟಿಕ್ಕುವುದನ್ನು ಕಾಯುವ ಹೊತ್ತು ಈಗ ನನಗೆ ರೂಢಿಯಾಗಿಬಿಟ್ಟಿದೆ. ತಿಂಗಳಿಗೊಮ್ಮೆ ಎಣ್ಣೆಬಟ್ಟಲನ್ನು ಕಳಚಿ ಖಾಲಿ ಮಾಡುವುದು ಇನ್ನೊಂದು ರೂಢಿ. ಅದರಲ್ಲಿ ಹರಳೆಣ್ಣೆಯಂತೆ ದಪ್ಪಗೆ, ಕಂದು ಬಣ್ಣದಲ್ಲಿ ಸಂಗ್ರಹವಾಗುವ ಜಿಡ್ಡನ್ನು ನೋಡಿದರೆ, ಚಿಮಣಿ ಇಲ್ಲದ ಕಾಲದಲ್ಲಿ ಇದೆಲ್ಲ ಗೋಡೆ, ಡಬ್ಬಿ, ಫ್ಯಾನುಗಳಿಗೆ ಹೋಗಿ ಅಂಟುತ್ತಿತ್ತಲ್ಲ ಎನಿಸುತ್ತದೆ. ಆಟೋ ಕ್ಲೀನ್ ಎಂಬ ಸೌಲಭ್ಯದ ಬಗ್ಗೆ ಮಾತ್ರ ಅತಿಯಾದ ಭರವಸೆ ಬೇಡ. ಗುಂಡಿ ಒತ್ತಿದಾಗ ಒಳಗಿನ ಹೀಟರ್ ಬಿಸಿಯಾಗಿ, ಬ್ಲೋವರಿಗೆ ಅಂಟಿದ ಜಿಡ್ಡು ಕರಗಿ ಬಟ್ಟಲಿಗೆ ಇಳಿಯುತ್ತದೆ, ನಿಜ. ಆದರೆ ಹೊರಗಿನ ಗಾಜು ಮತ್ತು ಅಂಚುಗಳ ಅಂಟನ್ನು ಒರೆಸುವ ಕೆಲಸ ನಮ್ಮದೇ. ನಾನು ಬಿಸಿನೀರಿನಲ್ಲಿ ಕಲಸಿದ ಸೀಗೆಪುಡಿಯನ್ನು ಬಳಸುತ್ತೇನೆ. ಅಲ್ಯೂಮಿನಿಯಂ ಜಾಲರಿಯ ಫಿಲ್ಟರ್ ಇರುವವರು ವಾಷಿಂಗ್ ಸೋಡಾದಲ್ಲಿ ನೆನೆಸದಿರುವುದು ಲೇಸು, ಆ ಲೋಹ ಕಪ್ಪಾಗುತ್ತದೆ.

ಇನ್ನು ಹಾಬ್. ನೋಡಲು ಚೆಂದ, ಒರೆಸಲು ಸುಲಭ. ಅದರ ಅತ್ಯುತ್ತಮ ಗುಣವೆಂದರೆ, ಹಾಲು ಉಕ್ಕಿ ಉರಿ ಆರಿದರೆ ಗ್ಯಾಸನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ. ಬರ್ನರ್ ಪಕ್ಕದಲ್ಲಿರುವ ಕಡ್ಡಿಯಂಥ ಥರ್ಮೋಕಪಲ್ ಬಿಸಿಯಾಗಿರುವ ತನಕ ಮಾತ್ರ ಒಳಗಿನ ಕವಾಟ ತೆರೆದಿರುತ್ತದೆ. ಇದರಿಂದಾಗಿ ಹಚ್ಚುವಾಗ ಅದು ಬಿಸಿಯಾಗುವವರೆಗೆ ನಾಬನ್ನು ಕೆಲವು ಸೆಕೆಂಡು ಒತ್ತಿ ಹಿಡಿದಿರಬೇಕು. ಅತ್ತೆಯವರಿಗೆ ಇದು ಇಂದಿಗೂ ಕಿರಿಕಿರಿ, ಆದರೆ ವಯಸ್ಸಾದವರು ಒಬ್ಬರೇ ಅಡುಗೆ ಮಾಡುವ ಮನೆಯಲ್ಲಿ ಇದಿಲ್ಲದ ಹಾಬ್ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಒಗ್ಗರಣೆ ಸೌಟಿಗೆ ಮಾತ್ರ ಈ ಹಾಬ್ ಮೇಲೆ ಜಾಗವಿಲ್ಲ. ಕಬ್ಬಿಣದ ಸ್ಟ್ಯಾಂಡಿನ ಕಾಲುಗಳ ನಡುವಿನ ಅಂತರ ದೊಡ್ಡದು, ಸೌಟಿನ ತಳ ಚಿಕ್ಕದು. ಇಟ್ಟ ಕೂಡಲೇ ವಾಲುತ್ತದೆ. ಕೈಯಲ್ಲಿ ಹಿಡಿದೇ ಒಗ್ಗರಣೆ ಕೊಡುತ್ತೇನೆ. ದೊಡ್ಡ ಬರ್ನರ್ ಮೇಲೆ ಚಿಕ್ಕ ಪಾತ್ರೆ ಇಟ್ಟರೆ ಉರಿ ಪಾತ್ರೆಯ ಹೊರಮೈಯನ್ನು ದಾಟಿ ವ್ಯರ್ಥವಾಗುತ್ತದೆ. ಮುದ್ದೆಯ ವಿಷಯದಲ್ಲಿ ಮೊದಲು ಭಯವಿತ್ತು, ಏಕೆಂದರೆ ಕೋಲಿನಿಂದ ತೊಳಸುವ ರಭಸವನ್ನು ಗಾಜಿನ ಮೇಲೆ ತೋರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹಿಟ್ಟು ಬೆಂದ ಮೇಲೆ ಅತ್ತೆಯವರು ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು ಗಂಟಿಲ್ಲದಂತೆ ತಿರುವುತ್ತಾರೆ. ಹಾಗಾಗಿ ಆ ಸಮಸ್ಯೆ ಏಳಲೇ ಇಲ್ಲ. ನಿಂತು ತೊಳಸುವವರು ಯೋಚಿಸಬೇಕು.

ಹಾಬ್ ಕೂರಿಸಲು ಗ್ರಾನೈಟ್ ಕಟ್ಟೆಯನ್ನು ಕತ್ತರಿಸಬೇಕಾಗುತ್ತದೆ, ಮತ್ತು ಕತ್ತರಿಸುವ ಅಳತೆ ಒಂದೊಂದು ಮಾದರಿಗೆ ಒಂದೊಂದು. ಮುಂದೆ ಹಾಬ್ ಬದಲಿಸುವಾಗ ಆ ಕಿಂಡಿಗೆ ಹೊಂದುವುದನ್ನೇ ಹುಡುಕಬೇಕು. ಬಾಡಿಗೆ ಮನೆಯವರಿಗೆ, ಬಜೆಟ್ ಬಿಗಿಯಾಗಿರುವವರಿಗೆ ಕಟ್ಟೆಯ ಮೇಲೆಯೇ ಕೂರುವ ಹಾಬ್‌ಟಾಪ್ ಸಾಕು. ಕತ್ತರಿಸುವುದಾದರೆ ಕೆಳಗಿನ ಕಪಾಟನ್ನು ಪೂರ್ತಿ ಮುಚ್ಚಿಸಬೇಡಿ. ಗಾಳಿ ಸಾಲದಿದ್ದರೆ ಉರಿ ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿಯುತ್ತದೆ. ಜೊತೆಗೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕಪಾಟಿನ ತಳದಲ್ಲಿಯೇ ನಿಲ್ಲುತ್ತದೆ. ನಮ್ಮ ಬಡಗಿ ಬಾಗಿಲಿನ ಮೇಲ್ಭಾಗದಲ್ಲಿ ಅಂದವಾಗಿ ರಂಧ್ರಗಳನ್ನು ಮಾಡಿದ್ದರು. ಹೇಳಿ ಕೆಳಭಾಗದಲ್ಲಿಯೂ ಮಾಡಿಸಿದೆವು.

ಚಿಮಣಿಗೆ ಐದರಲ್ಲಿ ನಾಲ್ಕು, ಹಾಬಿಗೆ ಮೂರೂವರೆ, ಕೂರಿಸಿದ ಕೆಲಸಕ್ಕೆ ಸೊನ್ನೆ ಅಂಕ ಕೊಡುತ್ತೇನೆ. ಕೈ ಬೀಸಿದರೆ ಚಾಲೂ ಆಗುವ ಮಾದರಿಗೆ ಕೆಲವು ಸಾವಿರ ಹೆಚ್ಚು ಕೇಳಿದ್ದರು. ಅದನ್ನು ಬಿಟ್ಟು ಉಳಿಸಿದ ಹಣವೇ ಗೋಡೆ ಕೊರೆಸಲು ಒದಗಿತು. ಈಗ ನಮ್ಮ ಬೀದಿಗೆ ಕೊಳವೆ ಅನಿಲ ಬರಲಿದೆ. ಅದರ ಒತ್ತಡವೂ ಶಾಖಮೌಲ್ಯವೂ ಎಲ್‌ಪಿಜಿಯದಲ್ಲವಾದ್ದರಿಂದ ಹಾಬಿನಲ್ಲಿ ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್‌ಗಳನ್ನು ಬದಲಿಸಬೇಕು, ಮತ್ತು ಅದಕ್ಕಾಗಿ ಅದೇ ಸೇವಾ ಕೇಂದ್ರಕ್ಕೆ ಮತ್ತೆ ಕರೆ ಮಾಡಬೇಕು. ಈ ಸಲ ಕೆಲಸ ಮುಗಿಯುವ ತನಕ ಪಕ್ಕದಲ್ಲಿಯೇ ನಿಂತು, ಪ್ರತಿಯೊಂದು ಬರ್ನರನ್ನೂ ಹಚ್ಚಿಸಿ, ಉರಿ ನೀಲಿಯಾಗಿದೆಯೇ ಎಂದು ನೋಡಿದ ಮೇಲೆಯೇ ರಸೀದಿಗೆ ಸಹಿ ಹಾಕುತ್ತೇನೆ.