ಘಟಶ್ರಾದ್ಧವೋ, ದ್ವೀಪವೋ?

ತೀರ್ಥಹಳ್ಳಿ ಕಡೆ ಸಣ್ಣ ಹಾಲ್‌ನಲ್ಲಿ ನಿರ್ದೇಶಕ ಗಿರೀಶ್ ಕಾಸರವಳ್ಳಿಯವರ ಒಂದೇ ಚಿತ್ರ ತೋರಿಸುವುದಾದರೆ ಮೊದಲು ಕಿಟಕಿ ನೋಡಿ. 1977ರ ‘ಘಟಶ್ರಾದ್ಧ’ ಕಪ್ಪು-ಬಿಳುಪು. ಬೆಳಕು ನುಸುಳಿದರೆ ಕತ್ತಲೆಯ ದೃಶ್ಯಗಳೇ ಕಾಣುವುದಿಲ್ಲ. ಆದರೆ ಬಿಗಿಯೆಂದರೆ ಅದೇ. ವಿಧವೆ ಯಮುನಕ್ಕನ ಬಸಿರು, ಅಗ್ರಹಾರದ ತೀರ್ಪು ಎಲ್ಲವೂ ನಾಣಿಯೆಂಬ ಹುಡುಗನ ಕಣ್ಣಿಂದಲೇ ಬರುತ್ತವೆ, ವಿವರಿಸುವ ಮಾತಿಲ್ಲ. ಹೊಸಬರಿಗೆ ಈ ಮೌನವೇ ಭಾರ.

ಅಂಥವರಿದ್ದರೆ ‘ದ್ವೀಪ’ (2002) ಹಾಕಿ: ಬಣ್ಣವಿದೆ, ನಾಯಕಿಯಾಗಿ ಸೌಂದರ್ಯಾ ಇದ್ದಾರೆ, ಕಥೆ ಸಾಗರದ ನಾ. ಡಿಸೋಜರದು. ಅಣೆಕಟ್ಟಿನ ಹಿನ್ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವಾಗ ಮುಳುಗಡೆ ಕಂಡ ಮನೆಯವರನ್ನು ಚರ್ಚೆಗೆ ಎಳೆಯಬೇಕಿಲ್ಲ. ಕೊರತೆಯೆಂದರೆ, ಕೃಷ್ಣನೆಂಬ ಯುವಕ ಮನೆಗೆ ಬಂದಮೇಲೆ ನೆಲ ಹೋಗುವ ಸಿಟ್ಟು ನಾಯಕಿಯ ಗಂಡನ ಸಂಶಯದಲ್ಲಿ ಕರಗುತ್ತದೆ. ಅದನ್ನೇ ಮೆಚ್ಚುವವರೂ ಇದ್ದಾರೆ, ಬಿಡಿ. ತಗಡಿನ ಮಾಡಾದರೆ ಮಾತ್ರ ಆಷಾಢದಲ್ಲಿ ಬೇಡ. ಹೊರಗಿನ ಮಳೆ ಚಿತ್ರದ ಮಳೆಯನ್ನೂ ಮಾತನ್ನೂ ನುಂಗುತ್ತದೆ.